ಜಿಪ್ಸಿ ಕಿಂಗ್‌ಗೆ ಹಳೇ 410ರ ಟ್ರಾನ್ಸ್‌ಫರ್ ಕೇಸ್: ನನ್ನ ಅನುಭವ

"ಗೌಡ್ರೆ, ಎಲ್ರೂ ಮುಂದಕ್ಕೆ ಹೋಗ್ತಾರೆ, ನೀವೊಬ್ರು ಹಿಂದಕ್ಕೆ ಹೊರಟಿದೀರಲ್ಲ?"

ಗುಜರಿಯಿಂದ ತಂದ ಡಬ್ಬವನ್ನು ಬೆಂಚಿನ ಮೇಲೆ ಇಟ್ಟಾಗ ನಮ್ಮ ಮೆಕ್ಯಾನಿಕ್ ಹೇಳಿದ ಮೊದಲ ಮಾತು ಇದು. ಅವನು ಹೇಳಿದ್ದರಲ್ಲೂ ಅರ್ಥ ಇತ್ತು. ನನ್ನದು 2004ರ ಮಾರುತಿ ಜಿಪ್ಸಿ ಕಿಂಗ್ ಜೀಪು. 1.3 ಎಂಪಿಎಫ್‌ಐ ಇಂಜಿನ್, 80 ಎಚ್‌ಪಿ. ತಂದಿದ್ದು 970 ಸಿಸಿ, 45 ಎಚ್‌ಪಿಯ ಹಳೇ 410ರ (ಮೊದಲ ಜಿಪ್ಸಿಯ) ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್‌ಬಾಕ್ಸಿನ ತಿರುವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಗೇರಿನ ಡಬ್ಬ. ಒಂದೇ ಮಳೆಗಾಲ, ಹಲ್ಲು ಉದುರುತ್ತೆ ಅಂದ. ಎರಡು ಮಳೆಗಾಲ ಕಳೆದವು. ಹೆಚ್ಚುಕಮ್ಮಿ 11 ಸಾವಿರ ಕಿ.ಮೀ. ಓಡಿದೆ. ಹಲ್ಲುಗಳು ಇದ್ದಲ್ಲೇ ಇವೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಶುರು ಟೈರಿನಿಂದ. ಕಂಪನಿಯ 205/70 ಆರ್15 ತೆಗೆದು 235/75 ಆರ್15 ಹಾಕಿದೆ. ನೋಡಲು ಚೆನ್ನಾಗಿತ್ತು, ತೋಟದ ದಾರಿಯ ಕಲ್ಲಿಗೆ ಹೊಟ್ಟೆ ಬಡಿಯುವುದೂ ಕಮ್ಮಿ ಆಯಿತು. ಆದರೆ ಟೈರಿನ ಎತ್ತರ ಸುಮಾರು 668 ಮಿ.ಮೀ.ನಿಂದ 733ಕ್ಕೆ ಏರಿತು. ನೂರಕ್ಕೆ ಹತ್ತರಷ್ಟು ಗೇರಿಂಗ್, ಅಂದರೆ ಚಕ್ರಕ್ಕೆ ಸಿಗುವ ಎಳೆತ, ಹೋಯಿತು. ನಮ್ಮದು ಮೂಡಿಗೆರೆ ಕಡೆಯ ತೋಟ, ಒಂದು ಏರು ಮುಗಿದರೆ ಇನ್ನೊಂದು ಏರು. ಗೊಬ್ಬರದ ಚೀಲ ಹಾಕಿಕೊಂಡು ಹೊರಟರೆ ಹಾಫ್ ಕ್ಲಚ್ಚಿನಲ್ಲೇ ಹತ್ತಬೇಕು. ನಾಲ್ಕು ತಿಂಗಳಿಗೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬಂತು. ಸೆಟ್ಟಿಗೆ ಆರು ಸಾವಿರ ಚಿಲ್ಲರೆ ಕಕ್ಕಿದೆ.

ಟೈರ್ ವಾಪಸ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ಇಂಜಿನ್ನನ್ನೇ ಬದಲಿಸಿ ಅಂದವರೂ ಇದ್ದರು. ನನ್ನ ತಲೆಯಲ್ಲಿ ಓಡಿದ್ದು ಬೇರೆ ಲೆಕ್ಕ. ಟ್ರಾನ್ಸ್‌ಫರ್ ಕೇಸಿಗೆ ಎರಡು ಗೇರು, ಮಾಮೂಲಿ ರಸ್ತೆಗೆ ಹೈ, ಕಷ್ಟದ ಏರಿಗೆ ಲೋ. ಹೊರಗಿನ ಶಾಫ್ಟ್ ಒಂದು ಸುತ್ತು ಬರಲು ಗೇರ್‌ಬಾಕ್ಸ್ ಕಡೆ ಎಷ್ಟು ಸುತ್ತು ಬೇಕು ಅನ್ನುವುದೇ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ. ಕಿಂಗ್‌ನದು ಹೈನಲ್ಲಿ 1.409, ಲೋನಲ್ಲಿ 2.268. ಹಳೇ 410ರದ್ದು 1.58 ಮತ್ತು 2.511. ಅಂದರೆ ಎರಡರಲ್ಲೂ ನೂರಕ್ಕೆ ಹನ್ನೊಂದು ಹನ್ನೆರಡು ಜಾಸ್ತಿ. ಟೈರ್ ತಿಂದಿದ್ದನ್ನು ಡಬ್ಬ ವಾಪಸ್ ಕೊಡುತ್ತದೆ. ಜಿಪ್ಸಿಯಲ್ಲಿ ಈ ಡಬ್ಬ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಮೂರು ರಬ್ಬರ್ ಮೌಂಟಿನ ಮೇಲೆ ಬೇರೆಯೇ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟ್. ಗೇರ್‌ಬಾಕ್ಸನ್ನು ಮುಟ್ಟದೆ ಕೆಲಸ ಮುಗಿಸಬಹುದು. ಇಷ್ಟು ಸುಲಭದ ದಾರಿ ಇರುವಾಗ ಇಂಜಿನ್ ಯಾಕೆ ಇಳಿಸಬೇಕು, ಅಲ್ವಾ?

ಸುಲಭ ಅಂದುಕೊಂಡಿದ್ದು ಗುಜರಿಗೆ ಹೋಗುವವರೆಗೆ ಮಾತ್ರ. ಶಿವಾಜಿನಗರದಲ್ಲಿ ಒಂದು ಇಡೀ ಮಧ್ಯಾಹ್ನ ತಿರುಗಿದೆ. ಎಲ್ಲ ಡಬ್ಬವೂ ಗ್ರೀಸು, ಮಣ್ಣು ಮೆತ್ತಿಕೊಂಡು ಒಂದೇ ಥರ ಕಾಣುತ್ತವೆ. ಕೇಳಿದರೆ ಎಲ್ಲವೂ 410ರದ್ದೇ. ನಾನು ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಹೋಗಿದ್ದೆ. ಹೈಗೆ ಹಾಕಿ, ಎರಡೂ ಕಡೆಯ ಫ್ಲ್ಯಾಂಜಿಗೆ (ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆಗೆ) ಗೆರೆ ಎಳೆದು, ಹಿಂದಿನ ಫ್ಲ್ಯಾಂಜ್ ಹತ್ತು ಸುತ್ತು ಬರುವವರೆಗೆ ಗೇರ್‌ಬಾಕ್ಸ್ ಕಡೆಯದನ್ನು ತಿರುಗಿಸಬೇಕು. ಹದಿನಾಲ್ಕಕ್ಕೆ ನಿಂತರೆ ಕಿಂಗ್‌ದು. ಹದಿನಾರರ ಹತ್ತಿರ ಬಂದರೆ 410. ಅಂಗಡಿಯವನು ಟೀ ಕುಡಿಯುತ್ತಾ ನೋಡುತ್ತಿದ್ದ. ಮೂರನೇ ಡಬ್ಬ ಹದಿನಾರಕ್ಕೆ ಬಂತು. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. 6,500 ಕೊಟ್ಟು ತಂದೆ.

ಬೆಣ್ಣೆಯಂತೆ ಯಾಕೆ ತಿರುಗುತ್ತಿತ್ತು ಅಂತ ಮನೆಗೆ ಬಂದು ಡ್ರೈನ್ ಪ್ಲಗ್ ಬಿಚ್ಚಿದಾಗ ಗೊತ್ತಾಯಿತು. ಆಯಿಲ್ ಬದಲು ಒಳಗೆ ಗ್ರೀಸ್ ತುಂಬಿದ್ದರು, ಸದ್ದು ಬಾರದಿರಲಿ ಅಂತ. ಒಂದು ಹಿಡಿ ಗ್ರೀಸ್ ತೆಗೆದು ಬೆರಳಲ್ಲಿ ಉಜ್ಜಿದರೆ ಬೆಳ್ಳಿಯ ಪುಡಿ. ಲೋ ಗೇರಿನ ಎರಡು ಹಲ್ಲು ಅರ್ಧಕ್ಕೆ ಮುರಿದಿದ್ದವು. ವಾಪಸ್ ಕೊಡಲು ಹೋದರೆ ಅಂಗಡಿಯವನಿಗೆ ನನ್ನ ಮುಖದ ನೆನಪೇ ಇರಲಿಲ್ಲ. ನೀವು ಹೋದರೆ ದುಡ್ಡು ಎಣಿಸುವ ಮೊದಲು ಡ್ರೈನ್ ಪ್ಲಗ್ ಬಿಚ್ಚಿಸಿ. ಬಿಚ್ಚಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಎರಡನೇ ಸಲ ತಂದ ಡಬ್ಬ 9,000. ಇದರ ಹಲ್ಲು ಚೆನ್ನಾಗಿತ್ತು, ಬೇರಿಂಗ್ ಸತ್ತಿತ್ತು. ಬೇರಿಂಗ್, ಸೀಲು, ಗ್ಯಾಸ್ಕೆಟ್ ಎಲ್ಲ ಜೆ.ಸಿ. ರಸ್ತೆಯಿಂದ ತರಿಸಿದೆ, ಆರೂವರೆ ಸಾವಿರ ಆಯಿತು ಅಂತ ನೆನಪು. ಸೀಲಿನ ವಿಷಯ ಒಂದು ಹೇಳಬೇಕು. ಹಳೇ ಫ್ಲ್ಯಾಂಜಿನ ಕುತ್ತಿಗೆಯ ಮೇಲೆ ಸೀಲಿನ ತುಟಿ ಉಜ್ಜಿ ಉಜ್ಜಿ ಒಂದು ಕಾಲುವೆ ಬಿದ್ದಿರುತ್ತದೆ. ಉಗುರು ಆಡಿಸಿದರೆ ಸಿಗುತ್ತದೆ. ಹೊಸ ಸೀಲನ್ನು ಪೂರ್ತಿ ಒಳಗೆ ಬಡಿದರೆ ತುಟಿ ಮತ್ತೆ ಅದೇ ಕಾಲುವೆಯಲ್ಲಿ ಕೂರುತ್ತದೆ, ವಾರಕ್ಕೆ ತೊಟ್ಟಿಕ್ಕುತ್ತದೆ. ನಾನು ಎರಡು ಮಿ.ಮೀ. ಹೊರಗೇ ನಿಲ್ಲಿಸಿದೆ. ತುಟಿಗೆ ಹೊಸ ಜಾಗ ಸಿಕ್ಕಿತು. ಎರಡು ವರ್ಷವಾಯಿತು, ಶೆಡ್ಡಿನ ನೆಲ ಒಣಗಿಯೇ ಇದೆ. ನಮ್ಮ ಮೆಕ್ಯಾನಿಕ್ ಈಗ ಬೇರೆ ಗಾಡಿಗೂ ಹೀಗೇ ಮಾಡುತ್ತಾನೆ, ತಾನೇ ಕಂಡುಹಿಡಿದವನ ಹಾಗೆ.

ಕೂರಿಸುವಾಗ ನನಗೆ ಸಿಕ್ಕಿದ ಡಬ್ಬದ ಫ್ಲ್ಯಾಂಜಿನ ತೂತುಗಳು ನನ್ನ ಶಾಫ್ಟಿಗೆ ಹೊಂದಲಿಲ್ಲ. ಕಿಂಗ್‌ನ ಹಳೇ ಡಬ್ಬದಿಂದ ಫ್ಲ್ಯಾಂಜ್ ಬಿಚ್ಚಿ ಇದಕ್ಕೆ ಹಾಕಿದೆ. ಮೌಂಟಿನ ಒಂದು ಕೈ ಸ್ವಲ್ಪ ಆಚೀಚೆ ಇತ್ತು, ಅದಕ್ಕೆ ಲೇತಿನಲ್ಲಿ ಒಂದು ಬ್ರಾಕೆಟ್ ಮಾಡಿಸಿದೆ. ಮೂರೂ ರಬ್ಬರ್ ಹೊಸದು ಹಾಕಿ, ಅದರಲ್ಲಿ ಜಿಪುಣತನ ಬೇಡ. ಗಿಡ್ಡ ಶಾಫ್ಟ್ ನೆಟ್ಟಗೆ ಬರಲು ಯಾವ ಮೌಂಟಿನ ಕೆಳಗೆ ಎಷ್ಟು ದಪ್ಪದ ವಾಷರ್ ಕೊಟ್ಟೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ನನ್ನ ಆರು ಭಾನುವಾರ ಹೋಗಿವೆ. ಅದೂ ಅಲ್ಲದೆ ಒಂದೊಂದು ಗಾಡಿಗೆ ಒಂದೊಂದು ಥರ.

ಮೊದಲ ದಿನ ಹೊರಗೆ ತೆಗೆದೆ. ಏರಿನಲ್ಲಿ ಗಾಡಿ ಹಳೇ ದಿನಗಳ ಹಾಗೆ ಹತ್ತಿತು. ಟಾರ್ ರಸ್ತೆಗೆ ಇಳಿದು ಐವತ್ತು ದಾಟಿಸಿದೆ ನೋಡಿ, ನೆಲವೆಲ್ಲ ನಡುಕ. ಲಿವರ್ ಮೇಲೆ ಕೈ ಇಟ್ಟರೆ ಹಲ್ಲಿನವರೆಗೆ ಬರುತ್ತದೆ. ಅರವತ್ತೈದಕ್ಕೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಂಡಿತು. "ನಾ ಹೇಳಿರ್ಲಿಲ್ವಾ" ಅಂತ ಮೆಕ್ಯಾನಿಕ್ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಹತ್ತು ದಿನ ಇದೇ ಗೋಳು. ಡಬ್ಬ ಮತ್ತೆ ಇಳಿಸಿದೆವು, ಏರಿಸಿದೆವು. ಶಾಫ್ಟ್ ತುದಿಯ ಕ್ರಾಸ್ ಜಾಯಿಂಟ್ ಎಲ್ಲ ಹೊಸದು ಹಾಕಿದೆವು, ಅದಕ್ಕೊಂದು 1,800. ಮುಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು ಓಡಿಸಿದೆ, ನಡುಕ ಹಾಗೇ ಇತ್ತು. ಕೊನೆಗೆ ಖಾಲಿ ರಸ್ತೆಯ ನೇರ ಇಳಿಜಾರಿನಲ್ಲಿ ಐವತ್ತೈದರಲ್ಲಿ ಟ್ರಾನ್ಸ್‌ಫರ್ ಲಿವರನ್ನೇ ನ್ಯೂಟ್ರಲ್‌ಗೆ ತಂದೆ. ಆಗ ಗಿಡ್ಡ ಶಾಫ್ಟಿಗೆ ಚಕ್ರದಿಂದ ತಿರುವು ಬರುವುದಿಲ್ಲ, ಚಕ್ರದ ಜೊತೆ ತಿರುಗುವುದು ಹಿಂದಿನ ಉದ್ದ ಶಾಫ್ಟ್ ಮಾತ್ರ. ನಡುಕ ಹೋಗಲಿಲ್ಲ! ಅಂದರೆ ಡಬ್ಬದ್ದೂ ಅಲ್ಲ, ನನ್ನ ವಾಷರ್ ಲೆಕ್ಕದ್ದೂ ಅಲ್ಲ.

ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಆ ಉದ್ದ ಶಾಫ್ಟಿನ ಆ ತುದಿಯ ಫೋರ್ಕ್ (ಕ್ರಾಸ್ ಹಿಡಿಯುವ ಕವಲು) ನೆಟ್ಟಗೆ ನಿಂತಿದೆ, ಈ ತುದಿಯದು ಸ್ವಲ್ಪ ಓರೆ. ಕ್ರಾಸ್ ಹಾಕುವಾಗ ಜಾರು ಸ್ಪ್ಲೈನ್ (ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಕೂಡಿಕೆ) ಹೊರಗೆ ಎಳೆದಿದ್ದೆವು, ವಾಪಸ್ ಹಾಕುವಾಗ ಗುರುತು ನೋಡಿರಲಿಲ್ಲ. ಹಾಗಾದರೆ ಕ್ರಾಸ್ ಬದಲಿಸುವ ಮೊದಲು ಬಂದ ನಡುಕ? ಅದಕ್ಕೂ ಮೊದಲು, ಡಬ್ಬ ಇಳಿಸುವಾಗಲೇ ಶಾಫ್ಟ್ ಕಳಚಿ ಬಿದ್ದಿತ್ತು. ಹುಡುಗ ಎತ್ತಿ ಸಿಕ್ಕ ಹಾಗೆ ತೂರಿಸಿದ್ದ. ಆಮೇಲೆ ಅದೇ ತಪ್ಪನ್ನು ನಾವು ಹುಷಾರಾಗಿ ನಕಲು ಮಾಡಿದ್ದೆವು. ಬಿಚ್ಚಿ, ಎರಡೂ ಫೋರ್ಕ್ ಒಂದೇ ಸಾಲಿಗೆ ತಂದು ಹಾಕಿದೆ. ಹತ್ತು ನಿಮಿಷದ ಕೆಲಸ. ಎಪ್ಪತ್ತರಲ್ಲೂ ನೀರಿನ ಬಾಟಲಿ ಅಲುಗಲಿಲ್ಲ. ಈಗ ಶೆಡ್ಡಿನಲ್ಲಿ ಯಾವ ಶಾಫ್ಟ್ ಬಿಚ್ಚಿದರೂ ಮೊದಲು ಬಿಳಿ ಪೇಂಟ್.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಂದಿನ ಆಕ್ಸಲಿನ ದುಂಡು ಭಾಗ ತುಕ್ಕು ಹಿಡಿದು ಗುಳಿ ಬಿದ್ದು, ಚಕ್ರ ತಿರುಗುವ ಗೆಣ್ಣಿನ (ನಕಲ್) ಸೀಲು ಗ್ರೀಸ್ ಹಿಡಿಯುತ್ತಿರಲಿಲ್ಲ. 14,000ಕ್ಕೆ ಒಂದು ಇಡೀ ಮುಂದಿನ ಆಕ್ಸಲ್ ತಂದು ಹಾಕಿದೆ. ಕಿಂಗ್‌ದೇ ಅಂದಿದ್ದರು, ಹೌಸಿಂಗ್ (ಹೊರಗಿನ ಕವಚ) ಕಿಂಗ್‌ದೇ ಇತ್ತು. ಕೆಸರಿನಲ್ಲಿ ಮೂರು ವಾರ ಏನೂ ಗೊತ್ತಾಗಲಿಲ್ಲ. ಒಂದು ದಿನ ತೋಟದ ಕಾಂಕ್ರೀಟ್ ಏರಿನಲ್ಲಿ ಫೋರ್ ವೀಲ್ ಹಾಕಿಕೊಂಡು ಹತ್ತಿದೆ. ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿ. ಮೇಲೆ ಹೋಗಿ ಟೂ ವೀಲ್‌ಗೆ ತರೋಣ ಅಂದರೆ ಲಿವರ್ ಬರುವುದಿಲ್ಲ. ಎರಡು ಕೈ ಹಾಕಿ ಎಳೆದೆ. ಆಮೇಲೆ ಹೊಳೆದು ಹತ್ತಡಿ ರಿವರ್ಸ್ ತೆಗೆದೆ, ಟಕ್ ಅಂತ ಬಿಟ್ಟಿತು.

ನನ್ನ ಗಾಡಿಯ ಹಿಂದಿನ ಚಕ್ರಗಳ ಆಕ್ಸಲಿನ ಗೇರ್ ಲೆಕ್ಕ 3.909, ಅಂದರೆ 43ಕ್ಕೆ 11 ಹಲ್ಲು. ಹೊಸ ಮುಂದಿನದರ ಒಳಗೆ ಯಾರೋ ಪುಣ್ಯಾತ್ಮ 410ರ 37/9 ಹಾಕಿಟ್ಟಿದ್ದ, 4.111. ಹಿಂದಿನ ಚಕ್ರ ನೂರು ಸುತ್ತು ಬಂದರೆ ಮುಂದಿನದು ತೊಂಬತ್ತೈದು. ಕೆಸರಿನಲ್ಲಿ ಟೈರ್ ಜಾರಿ ಸರಿಮಾಡಿಕೊಳ್ಳುತ್ತದೆ. ಕಾಂಕ್ರೀಟ್ ಮೇಲೆ ಎಲ್ಲಿಗೆ ಜಾರಬೇಕು? ಡಬ್ಬ ಎರಡಕ್ಕೆ ಸೀಳದೆ ಇದ್ದಿದ್ದೇ ದೊಡ್ಡದು. ನನ್ನ ಹಳೇ ಡಿಫರೆನ್ಷಿಯಲನ್ನೇ (ಆಕ್ಸಲ್ ಒಳಗಿನ ಗೇರ್ ಸೆಟ್ಟನ್ನು) ಹೊಸ ಹೌಸಿಂಗಿಗೆ ಹಾಕಿದೆ. ಡಬ್ಬಕ್ಕೆ ಸೀಮೆಸುಣ್ಣ ಹಿಡಿದು ಎಣಿಸಿದವನು ಆಕ್ಸಲಿಗೆ ಎಣಿಸಲಿಲ್ಲ, ನನ್ನ ಬುದ್ಧಿಗೆ ಏನು ಹೇಳಲಿ. ಒಂದು ಕಡೆಯ ಹಬ್ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಇಪ್ಪತ್ತು ಸುತ್ತು ತಿರುಗಿಸಿ. ಪಿನಿಯನ್ (ಶಾಫ್ಟ್ ಸೇರುವ ಸಣ್ಣ ಗೇರ್) 39 ಸುತ್ತು ಬಂದರೆ 3.909, 41 ಬಂದರೆ 4.111. ಎರಡೇ ಸುತ್ತಿಗೆ ನಿಲ್ಲಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ನಡುವೆ ಕೆಲವು ತಲೆಹರಟೆಗಳೂ ನಡೆದವು. ಡಬ್ಬದ ಕೆಳಗೆ 6 ಮಿ.ಮೀ. ಶೀಟಿನ ತಟ್ಟೆ ಮಾಡಿಸಿ ಬೋಲ್ಟ್ ಹಾಕಿದೆ. ಕಲ್ಲಿನಿಂದ ಕಾಪಾಡಿತು, ಸುಳ್ಳಲ್ಲ. ಆದರೆ ತಟ್ಟೆ ಅಂದಮೇಲೆ ಏನಾದರೂ ಬಡಿಸಲೇಬೇಕಲ್ಲ. ಬೇಸಿಗೆಯಲ್ಲಿ ಸಿಲ್ವರ್ ಓಕ್ ಎಲೆ ಬಂದು ತುಂಬಿತು. ಪಕ್ಕದಲ್ಲೇ ಸೈಲೆನ್ಸರ್ ಪೈಪು. ಒಂದು ದಿನ ಸೀಟಿನ ಕೆಳಗಿಂದ ಹೊಗೆ ಬಂತು, ಕುಡಿಯುವ ನೀರು ಪೂರ್ತಿ ಸುರಿದೆ. ಈಗ ತಟ್ಟೆಯಲ್ಲಿ ಅಂಗೈ ಅಗಲದ ಮೂರು ತೂತು ಇವೆ.

ಹಳ್ಳ ದಾಟಿದಾಗ ಡಿಫರೆನ್ಷಿಯಲ್ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಬ್ರೀದರಿಗೆ (ಆಕ್ಸಲಿನ ಗಾಳಿ ತೂತಿಗೆ) ಡ್ರಿಪ್ ಇರಿಗೇಷನ್ನಿನ ತೆಳು ಪೈಪ್ ಸಿಕ್ಕಿಸಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿದೆ. ಖರ್ಚು ನಲವತ್ತು ರೂಪಾಯಿ. ಹಿಂದಿನದು ಇವತ್ತಿಗೂ ಚೆನ್ನಾಗಿದೆ. ಮುಂದಿನದು ಸೈಲೆನ್ಸರ್ ಬಿಸಿಗೆ ಕರಗಿ ಮುಚ್ಚಿಕೊಂಡಿತು, ಒತ್ತಡಕ್ಕೆ ಪಿನಿಯನ್ ಸೀಲಿನಿಂದ ಆಯಿಲ್ ಬಂತು. ಅಲ್ಲಿಗೆ ಪೆಟ್ರೋಲ್ ಪೈಪನ್ನೇ ಹಾಕಿ.

ದೊಡ್ಡ ಟೈರಿಗೆ ಜಾಗ ಮಾಡಲು ಮುಂದೆ ಉದ್ದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿ ಹಿಡಿಯುವ ಕೊಂಡಿ) ಹಾಕಿದ್ದೆ. ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚಿನ ಓರೆ) ಕೆಟ್ಟು ಗಾಡಿ ರಸ್ತೆಯಲ್ಲಿ ಕುಡುಕನ ಹಾಗೆ ನಡೆಯಿತು. ತೆಗೆದು, ಸ್ಪ್ರಿಂಗಿಗೆ ಒಂದೊಂದು ಬ್ಲೇಡ್ ಜಾಸ್ತಿ ಹಾಕಿಸಿದೆ. ಕುಲುಕುತ್ತದೆ, ಆದರೆ ನೇರ ಹೋಗುತ್ತದೆ.

ಚಾಸಿಯನ್ನು ಎಲ್ಲೂ ಕತ್ತರಿಸಿಲ್ಲ, ವೆಲ್ಡಿಂಗ್ ಮುಟ್ಟಿಸಿಲ್ಲ. ಕಂಪನಿ ಕೊಟ್ಟಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಆರ್‌ಟಿಒದವರು ಇಂಥ ಗಾಡಿ ಕಂಡರೆ ಬಗ್ಗಿ ನೋಡುತ್ತಾರೆ. ನನ್ನದರ ಓಡಾಟ ಹೆಚ್ಚಿನದು ತೋಟದೊಳಗೇ. ಬೇಕೆಂದರೆ ಒಂದು ದಿನದಲ್ಲಿ ಹಳೇ ಡಬ್ಬ, ಹಳೇ ಟೈರು ವಾಪಸ್ ಕೂರುತ್ತವೆ. ಎರಡೂ ಅಟ್ಟದ ಮೇಲಿವೆ.

ಟೈರ್ ಬಿಟ್ಟು ಒಟ್ಟು ಐವತ್ತು ಸಾವಿರದ ಆಸುಪಾಸು ಆಗಿದೆ. ಅದರಲ್ಲಿ ದಡ್ಡತನಕ್ಕೆ ಹೋಗಿದ್ದು ಹದಿನೈದಾದರೂ ಇರಬೇಕು. ಮನೆಯವಳಿಗೆ ಹೇಳಿರುವ ಲೆಕ್ಕ ಬೇರೆ. ಮೈಲೇಜ್ ಹತ್ತರ ಹತ್ತಿರ ಇತ್ತು, ಈಗ ಒಂಬತ್ತೂವರೆ. ಎಂಬತ್ತರ ಮೇಲೆ ಇಂಜಿನ್ ಕಿರುಚುತ್ತದೆ, ನಾನಂತೂ ಅಲ್ಲಿಗೆ ಹೋಗುವುದಿಲ್ಲ. ಮೀಟರ್ ಅರವತ್ತು ತೋರಿಸಿದರೆ ಫೋನ್ ಅರವತ್ತೈದು ಅನ್ನುತ್ತದೆ, ಅದು ಟೈರಿನ ಕೆಲಸ. ಫಸ್ಟ್ ಗೇರ್, ಲೋನಲ್ಲಿ ಒಟ್ಟು ಗೇರ್ ಲೆಕ್ಕ 32 ಇದ್ದದ್ದು 36ರ ಹತ್ತಿರ ಬಂದಿದೆ. ಹತ್ತು ಚೀಲ ಗೊಬ್ಬರ ಹಾಕಿಕೊಂಡು ಹಿಂದಿನ ಏರನ್ನು ಕ್ಲಚ್ ಮುಟ್ಟದೆ ಹತ್ತುತ್ತೇನೆ.

ಕಳೆದ ವಾರ ಡಬ್ಬದ ಆಯಿಲ್ ಬದಲಿಸಿದೆ, ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹಳೇ ಆಯಿಲನ್ನು ಬಿಳಿ ತಟ್ಟೆಗೆ ಹಿಡಿದು ಮೆಕ್ಯಾನಿಕ್ ಮುಂದೆ ಇಟ್ಟೆ. ಅವನು ಬೆರಳದ್ದಿ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೆಳ್ಳಿ ಪುಡಿ ಇರಲಿಲ್ಲ. "ಇನ್ನೊಂದು ಮಳೆಗಾಲ ನೋಡೋಣ" ಅಂದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.