ಬಿರಿದ ಲೆದರ್ ಸೀಟಿಗೆ ಎಣ್ಣೆ ಬೇಡ, ಬಣ್ಣ ಬೇಕು

ಕಾರಿನ ಲೆದರ್ ಸೀಟು ಬಿರಿದರೆ ನಮ್ಮ ಕಡೆ ಮೊದಲು ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಚಪ್ಪಲಿಗೆ ನಡೆದೀತು, ಸೀಟಿಗೆ ನಡೆಯದು. ಸಾಮಾನ್ಯವಾಗಿ ಕಾರಿನ ಚರ್ಮಕ್ಕೆ ಬಣ್ಣ ಬಳಿದು ಮೇಲೊಂದು ಪಾಲಿಯುರೆಥೇನ್ ಲೇಪ ಕೊಟ್ಟಿರುತ್ತಾರೆ. ಮೊದಲು ಸವೆಯುವುದು ಈ ಪದರ. ಎಣ್ಣೆ ಅದರ ಮೇಲೇ ನಿಂತು ಧೂಳು ಹಿಡಿಯುತ್ತದೆ. ಬಿರುಕಿಗಿಳಿದರೆ ಇನ್ನೂ ಕೆಟ್ಟದ್ದು, ಆಮೇಲೆ ಹಚ್ಚಿದ ಬಣ್ಣ ಅಲ್ಲಿ ಕಚ್ಚುವುದೇ ಇಲ್ಲ.

ಸೀಟು ನಿಜವಾಗಿ ಚರ್ಮದ್ದೇ? ಕೆಳಗಿನ ಅಂಚು ಮಗುಚಿ ನೋಡಿ. ಹಿಂಬದಿ ನಾರುನಾರಾಗಿದ್ದರೆ ಚರ್ಮ, ನೇಯ್ದ ಬಟ್ಟೆಯಿದ್ದರೆ ಲೆದರೆಟ್, ಅಂದರೆ ಕೃತಕ ಚರ್ಮ. ಲೆದರೆಟ್ ಹಪ್ಪಳದಂತೆ ಸಿಪ್ಪೆ ಎದ್ದಿದ್ದರೆ ಬಣ್ಣದ ಖರ್ಚು ದಂಡ, ಕವರ್ ಹೊಲಿಸುವುದೇ ಲೇಸು.

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಸೀಟು ಕಾದಿದ್ದರೆ ಬಣ್ಣ ಸ್ಪಂಜಿನಲ್ಲೇ ಒಣಗಿ ಗೆರೆ ಬೀಳುತ್ತದೆ. ಹಾಗಾಗಿ ನೆರಳಲ್ಲಿ, ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸಿ.

ಮೊದಲು ವ್ಯಾಕ್ಯೂಮ್. ಹೊಲಿಗೆಯ ಸಂದಿಯಲ್ಲಿ ಎರೆಮಣ್ಣಿನ ಧೂಳು, ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ–ವಾಡಿ ಕಡೆ ಓಡಾಡುವ ಗಾಡಿಯಾದರೆ ಸಿಮೆಂಟಿನ ಪುಡಿ ಕೂತಿರುತ್ತದೆ. ಉಜ್ಜಿದರೆ ಅದೇ ಮರಳು ಕಾಗದವಾಗುತ್ತದೆ. ಆಮೇಲೆ ಲೆದರ್ ಕ್ಲೀನರನ್ನು ಮೆತ್ತನೆ ಬ್ರಶ್ಶಿಗೆ ಹಾಕಿ ನೊರೆ ಬರಿಸಿ, ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಪಾತ್ರೆ ತೊಳೆಯುವ ಸೋಪು ಬೇಡ. ಗಡಸು ಬೋರ್ ನೀರು ಬಿಳಿ ಕಲೆ ಬಿಡುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಹಳೆಯ ಪಾಲಿಶ್, ಸಿಲಿಕಾನ್, ಎಣ್ಣೆಯೆಲ್ಲ ಹೋಗಬೇಕು. ಬಣ್ಣ ವಾರದಲ್ಲೇ ಎದ್ದುಬರುವುದು ಬಹುಪಾಲು ಈ ಹಂತದ ಸೋಮಾರಿತನದಿಂದ. ನಂತರ ಸವೆದ ಕಡೆ ಮಾತ್ರ 600ರ ವಾಟರ್ ಪೇಪರಿನಿಂದ (ನಯವಾದ ಮರಳು ಕಾಗದ), ಆಮೇಲೆ ಇನ್ನೂ ನಯವಾದ 1000ರದ್ದರಿಂದ ಹಗುರ ಕೈಯಲ್ಲಿ ತೀಡಿ. ಡ್ರೈವರ್ ಹತ್ತಿ ಇಳಿಯುವ ಬದಿಯ ಉಬ್ಬೇ ಹೆಚ್ಚು ಸವೆದಿರುತ್ತದೆ.

ಬಿರುಕು ತುಂಬಲು ಲೆದರ್ ಫಿಲ್ಲರ್, ಅಂದರೆ ಒಣಗಿದ ಮೇಲೂ ಬಗ್ಗುವ ಪೇಸ್ಟ್, ಹಚ್ಚಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಕೂತಾಗ ಒಡೆಯುತ್ತದೆ. ತೆಳ್ಳಗೆ ಎರಡು ಮೂರು ಸಲ, ಪ್ರತಿ ಸಲ ಪೂರ್ತಿ ಒಣಗಿಸಿ ತೀಡಿ. ಹರಿದಿದ್ದರೆ ಮೊದಲು ಒಳಗೆ ತೆಳು ಬಟ್ಟೆ ಸೇರಿಸಿ ಬಗ್ಗುವ ಅಂಟಿನಿಂದ ಕೂಡಿಸಿ. ಒಂದು ಎಚ್ಚರ: ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಚೀಟಿಯಿದ್ದರೆ ಅಲ್ಲಿನ ಹೊಲಿಗೆಗೆ ಅಂಟಾಗಲಿ ಫಿಲ್ಲರಾಗಲಿ ತಾಗಬಾರದು. ಅದು ಬಿಚ್ಚಿಕೊಳ್ಳಲೆಂದೇ ಹಾಕಿದ ಹೊಲಿಗೆ.

ಒಂದು ಸೀಟಿಗೆ ನೀರು ಆಧಾರಿತ ಲೆದರ್ ಬಣ್ಣ ಸುಮಾರು 100–150 ಮಿಲಿ ಹಿಡಿಯುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ಹೊಂದಾಣಿಕೆ ನೋಡಿ. ಹಸಿ ಬಣ್ಣ ಮೋಸ ಮಾಡುತ್ತದೆ. ಸ್ಪಂಜಿನಿಂದ ತೆಳ್ಳಗೆ ಮೂರರಿಂದ ಐದು ಕೋಟ್, ನಡುವೆ ಹೇರ್ ಡ್ರೈಯರ್. ತೂತುಗಳಿರುವ ಲೆದರಿಗೆ ಸ್ಪಂಜು ಇನ್ನಷ್ಟು ಒಣಗಿರಲಿ, ಇಲ್ಲದಿದ್ದರೆ ತೂತು ಮುಚ್ಚುತ್ತವೆ. ಕೊನೆಗೆ ಮ್ಯಾಟ್ ಟಾಪ್‌ಕೋಟ್ (ಬಣ್ಣ ಕಾಯುವ, ಹೊಳಪಿಲ್ಲದ ಮೇಲಿನ ಲೇಪ) ಎರಡು ಸಲ. ಒಂದು ದಿನ ಯಾರೂ ಕೂರಬಾರದು, ಒಂದು ವಾರ ನೀರು, ಕ್ಲೀನರ್ ತಾಗಬಾರದು.

ಆಮೇಲೆ ವಾರಕ್ಕೊಮ್ಮೆ ಒರೆಸಿ, ಮೂರು ತಿಂಗಳಿಗೊಮ್ಮೆ ಕ್ಲೀನರ್ ಹಾಕಿ. ಬಿಸಿಲಲ್ಲಿ ನಿಲ್ಲಿಸುವಾಗ ಗಾಜಿಗೆ ಸನ್‌ಶೇಡ್ ಇಡಿ. ಲೆದರ್ ಮೇಲೆ ಟವೆಲ್ ಹಾಸುವ ಅಭ್ಯಾಸವಿದ್ದರೆ ದಿನಾ ಕೊಡವಿ. ಅಡಿಯಲ್ಲಿ ಸೇರಿದ ಧೂಳು ಹೊಸ ಬಣ್ಣವನ್ನೂ ತಿನ್ನುತ್ತದೆ.