ಮನೆಯಲ್ಲಿ ಕಟ್ಟಿದ ಸಬ್‌ಮರೀನ್: ಎಷ್ಟು ಆಳ ಸುರಕ್ಷಿತ, ಪರೀಕ್ಷಿಸುವುದು ಹೇಗೆ

ಮೊದಲು ಮೂರು ಆಳಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಒಂದು, ಜನ ಕೂತು ಇಳಿಯುವ ಆಳ. ಎರಡು, ಒಳಗೆ ಯಾರೂ ಇಲ್ಲದೆ ಇಳಿಸಿ ನೋಡುವ ಪರೀಕ್ಷೆಯ ಆಳ. ಇದು ಮೊದಲನೆಯದರ 1.25 ಪಟ್ಟು. ಮೂರು, ಲೆಕ್ಕದ ಪ್ರಕಾರ ಹಲ್, ಅಂದರೆ ನೀರಿನ ಒತ್ತಡ ತಾಳುವ ಹೊರಕವಚ, ಕುಸಿಯುವ ಆಳ. ಮನೆಯಲ್ಲಿ ಕಟ್ಟಿದ್ದಕ್ಕೆ ಇದು ಮೊದಲನೆಯದರ ಎರಡೂವರೆ ಪಟ್ಟಿಗಿಂತ ಕಡಿಮೆ ಇರಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. 60 ಮೀಟರ್ ಇಳಿಯಬೇಕೆಂದರೆ ಪರೀಕ್ಷೆ 75ಕ್ಕೆ, ಕುಸಿತ 150ರ ಆಚೆಗೆ.

ಹೆಚ್ಚಿನವರು ಎಡವುವುದು ಮೂರನೆಯ ಲೆಕ್ಕದಲ್ಲಿ. 1 ಮೀಟರ್ ವ್ಯಾಸ, 10 ಮಿ.ಮೀ. ದಪ್ಪ, 250 ಮೆಗಾಪಾಸ್ಕಲ್ ಯೀಲ್ಡ್ ಬಲದ (ಅದನ್ನು ಮೀರಿದರೆ ಲೋಹ ಶಾಶ್ವತವಾಗಿ ರೂಪಗೆಡುತ್ತದೆ) ಉಕ್ಕಿನ ಕೊಳವೆ ತೆಗೆದುಕೊಳ್ಳಿ. ಲೋಹದ ಬಲವನ್ನಷ್ಟೇ ನೋಡಿದರೆ 5 ಮೆಗಾಪಾಸ್ಕಲ್, ಅಂದರೆ ಸುಮಾರು 500 ಮೀಟರ್ ಬರುತ್ತದೆ. ಆದರೆ ಒಳಗೆ ರಿಂಗ್‌ಗಳಿಲ್ಲದ (ಗೋಡೆಗೆ ಆಸರೆಯಾಗಿ ಸುತ್ತ ಕೂರಿಸುವ ಬಳೆಗಳು) ಉದ್ದ ಕೊಳವೆ ಅಲ್ಲಿಯವರೆಗೆ ತಾಳುವುದಿಲ್ಲ. ಎಷ್ಟೇ ದುಂಡಗಿದ್ದರೂ ಸುಮಾರು 44 ಮೀಟರಿಗೇ ತಗಡಿನ ಡಬ್ಬಿಯ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಮಡಚದೆ ತಾಳುವ ಈ ಬಲ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ತುಕ್ಕು ಹಿಡಿದು ದಪ್ಪ 10% ಇಳಿದರೆ ಬಲ 27% ಹೋಯಿತು. ರಿಂಗ್ ಹಾಕುವುದು ಇದಕ್ಕೇ. ಹಾಕಿದ ಮೇಲೂ ಎರಡು ರಿಂಗ್ ನಡುವಿನ ಪ್ಲೇಟ್ ಮಡಚುವ ಆಳ, ರಿಂಗ್ ಸಮೇತ ಇಡೀ ಹಲ್ ಕುಸಿಯುವ ಆಳ, ರಿಂಗೇ ಪಕ್ಕಕ್ಕೆ ವಾಲುವ ಆಳ, ಲೋಹ ಸೋಲುವ ಆಳ, ಎಲ್ಲವನ್ನೂ ಲೆಕ್ಕ ಹಾಕಿ. ಅತಿ ಕಡಿಮೆ ಬಂದದ್ದೇ ನಿಮ್ಮ ಕುಸಿತದ ಆಳ.

ಲೆಕ್ಕ ಕಾಗದದ ಮೇಲಿನ ದುಂಡು ಹಲ್ಲಿನದು. ನಿಮ್ಮ ಹಲ್ ಎಷ್ಟು ದುಂಡಗಿದೆ ಎಂದು ಅಳೆದೇ ನೋಡಬೇಕು. ರಿಂಗ್‌ಗಳ ನಡುವೆ ಸುತ್ತಲೂ 15 ಡಿಗ್ರಿಗೊಂದರಂತೆ 24 ಕಡೆ ತ್ರಿಜ್ಯ ಅಳೆಯಿರಿ. ತ್ರಿಜ್ಯದ 0.5%ಗಿಂತ, ಅಂದರೆ ಈ ಹಲ್ಲಿಗೆ 2.5 ಮಿ.ಮೀ.ಗಿಂತ, ಎಲ್ಲೂ ಹೆಚ್ಚು ಕಡಿಮೆ ಇರಬಾರದು. ಉದ್ದದ ವೆಲ್ಡ್ ಪಕ್ಕದಲ್ಲಿ ವಿಶೇಷ ಗಮನವಿರಲಿ: ರೋಲ್ ಮಾಡುವಾಗ ಪ್ಲೇಟಿನ ಅಂಚುಗಳು ಬಾಗದೆ ಚಪ್ಪಟೆಯಾಗಿ ಉಳಿಯುತ್ತವೆ, ಮಡಚುವಿಕೆ ಶುರುವಾಗುವುದು ಅಂಥಲ್ಲೇ.

ನೀರಿಗಿಳಿಸುವ ಮುನ್ನ ಖಾಲಿ ಹಲ್ಲಿನೊಳಗಿನ ಒತ್ತಡವನ್ನು 0.2 ಬಾರ್ ಇಳಿಸಿ ಒಂದು ಗಂಟೆ ಗೇಜ್ ನೋಡಿ. ಒಳಗಿನ ತಾಪಮಾನವನ್ನೂ ಬರೆದುಕೊಳ್ಳಿ. 1 ಡಿಗ್ರಿ ಬದಲಾದರೆ ಒತ್ತಡ ಸುಮಾರು 3 ಮಿಲಿಬಾರ್ ಬದಲಾಗುತ್ತದೆ, ಅದನ್ನು ಸೋರಿಕೆ ಎಂದುಕೊಳ್ಳಬೇಡಿ. ಒಳಗಿನಿಂದ ಗಾಳಿ ತುಂಬಿ ಪರೀಕ್ಷಿಸಲೇಬೇಡಿ. ಅದು ಹ್ಯಾಚನ್ನೂ ಕಿಟಕಿಗಳನ್ನೂ ಕೂತ ಜಾಗದಿಂದ ಹೊರಕ್ಕೆ ತಳ್ಳುತ್ತದೆ, ಅವು ಕಿತ್ತುಬಂದರೆ ಸಿಡಿಯುತ್ತದೆ. ಆಮೇಲೆ 2 ಮೀಟರ್ ನೀರಿನಲ್ಲಿ ಒಂದು ಗಂಟೆ ಇಡಿ. ಆಳದಲ್ಲಿ ಒತ್ತಿ ಹಿಡಿದುಕೊಳ್ಳುವ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಮೇಲ್ಗಡೆಯೇ ಸೋರುವುದುಂಟು.

ಈಗ ದೊಡ್ಡ ಪರೀಕ್ಷೆ. ಹಲ್ಲಿನ ಕೆಳಗೆ ತೂಕ ಕಟ್ಟಿ, ವಿಂಚಿನಿಂದ ಇಳಿಸಿ. ಹಗ್ಗ, ಕೊಂಡಿ, ವಿಂಚ್ ಎಲ್ಲವೂ ಒಳಗೆ ನೀರು ತುಂಬಿದ ಹಲ್ಲನ್ನು ಎತ್ತುವಂತಿರಬೇಕು: ಒಳಗಿನ ಜಾಗ 2 ಘನ ಮೀಟರ್ ಇದ್ದರೆ, ಸೋರಿದ ದಿನ ಭಾರ 2 ಟನ್ ಹೆಚ್ಚುತ್ತದೆ.

ಒಳಗೆ ಎರಡು ರಿಂಗ್ ನಡುವೆ ವ್ಯಾಸದ ಗುಂಟ ಎಡದಿಂದ ಬಲಕ್ಕೊಂದು, ಮೇಲಿನಿಂದ ಕೆಳಕ್ಕೊಂದು ಉಕ್ಕಿನ ರಾಡ್ ನಿಲ್ಲಿಸಿ. ಒಂದು ತುದಿ ಗೋಡೆಗೆ ಬಿಗಿದಿರಲಿ, ಇನ್ನೊಂದು ತುದಿಯಲ್ಲಿ 0.01 ಮಿ.ಮೀ. ಓದುವ ಡಯಲ್ ಗೇಜ್, ಎದುರಿಗೆ ದೀಪ, ಕ್ಯಾಮೆರಾ. ರಿಂಗ್‌ಗಳ ಹಿಡಿತ ಬಿಟ್ಟು ಲೆಕ್ಕ ಹಾಕಿದರೆ 75 ಮೀಟರಿನಲ್ಲಿ ಈ ಹಲ್ಲಿನ ವ್ಯಾಸ ಕುಗ್ಗುವುದು ಸುಮಾರು 0.16 ಮಿ.ಮೀ. ಮಾತ್ರ. ನೀರು ಹಲ್ಲಿಗಿಂತ 10 ಡಿಗ್ರಿ ತಣ್ಣಗಿದ್ದರೆ ಬರೀ ಚಳಿಗೇ 0.12 ಕುಗ್ಗುತ್ತದೆ. ರಾಡ್ ಉಕ್ಕಿನದೇ ಇರಬೇಕೆನ್ನುವುದು ಇದಕ್ಕೆ; ಅದೂ ತಣ್ಣಗಾಗುವವರೆಗೆ ಕಾದು ಸೊನ್ನೆ ಹೊಂದಿಸಿ.

15 ಮೀಟರಿಗೊಮ್ಮೆ ನಿಲ್ಲಿಸಿ ಓದಿ, 75ರಲ್ಲಿ ಒಂದು ಗಂಟೆ ಇಡಿ. ಆಳ ಮತ್ತು ಕುಗ್ಗುವಿಕೆಯ ಗೆರೆ ನೇರವಾಗಿರಬೇಕು. ಅದು ಬಾಗತೊಡಗಿದರೆ, ಅಥವಾ ಒಂದು ಗೇಜ್ ಕುಗ್ಗಿ ಇನ್ನೊಂದು ಹಿಗ್ಗಿದರೆ, ಹಲ್ ಮೊಟ್ಟೆಯಾಕಾರಕ್ಕೆ ತಿರುಗುತ್ತಿದೆ, ತಕ್ಷಣ ಮೇಲೆತ್ತಿ. ಮೊದಲ ಸಲ ಸೊನ್ನೆಗೆ ಸರಿಯಾಗಿ ಮರಳದಿದ್ದರೆ ವೆಲ್ಡಿಂಗಿನಲ್ಲಿ ಉಳಿದಿದ್ದ ಎಳೆತ ಸಡಿಲವಾಗಿರಬಹುದು. ಎರಡನೇ ಸಲ ಮರಳಲೇಬೇಕು. ಮಡಚುವಿಕೆ ಬಹುಮಟ್ಟಿಗೆ ಮುನ್ಸೂಚನೆ ಕೊಡದೆ ಬರುತ್ತದೆ. 75ರಲ್ಲಿ ಪಾಸಾದದ್ದು 150ಕ್ಕೆ ಸಾಕ್ಷಿಯಲ್ಲ.

ಅಕ್ರಿಲಿಕ್ ಕಿಟಕಿಗಳನ್ನು ಪ್ರತಿ ಸಲ ಬಿಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಡುಕಿ. ಆಲ್ಕೋಹಾಲ್, ಅಸಿಟೋನ್ ತಾಗಿಸಬೇಡಿ, ಸಣ್ಣ ಬಿರುಕುಗಳು ಅದರಿಂದಲೇ ಏಳುತ್ತವೆ.

ಜನ ಕೂತು ಇಳಿಯುವ ಕಡೆ ನೀರಿನ ತಳವೇ ಪರೀಕ್ಷೆಯ ಆಳಕ್ಕಿಂತ ಮೇಲಿರಲಿ. ಕೈಮೀರಿ ಮುಳುಗಿದರೂ 75 ಮೀಟರ್ ದಾಟಬಾರದು. 10 ಮೀಟರಿಗೊಮ್ಮೆ ನಿಂತು ಪ್ರತಿ ಫಿಟ್ಟಿಂಗ್ ಕೆಳಗೆ ಒಣ ಟಿಶ್ಯೂ ಒತ್ತಿ ನೋಡಿ. ಬಲಾಸ್ಟ್ (ಸಬ್ ಮುಳುಗಲು ನೀರು ತುಂಬಿಕೊಳ್ಳುವ ತೊಟ್ಟಿ) ಊದಿ ಖಾಲಿ ಮಾಡುವ ಗಾಳಿ ಒಣಗಿರಬೇಕು: 1963ರಲ್ಲಿ ಅಮೆರಿಕದ ಥ್ರೆಶರ್ 129 ಜನರೊಂದಿಗೆ ಮುಳುಗಿದ ಮೇಲೆ, ಅದೇ ಮಾದರಿಯ ಇನ್ನೊಂದು ಜಲಾಂತರ್ಗಾಮಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಗಾಳಿಯ ತೇವ ಸೋಸುಬಲೆಯಲ್ಲಿ ಹಿಮಗಟ್ಟಿ ಹರಿವೇ ನಿಂತುಹೋಯಿತು. ತುರ್ತಿನಲ್ಲಿ ಮೇಲೇಳಲು ಕಳಚಿ ಬೀಳಿಸುವ ತೂಕವನ್ನು ನೀರಿನಲ್ಲೇ, ಸಬ್ ಓರೆಯಾಗಿದ್ದಾಗಲೂ ಬಿಡಿಸಿ ನೋಡಿ.

ಮುಂದೆ ಹಲ್ಲಿಗೆ ಒಂದೇ ಒಂದು ಹೊಸ ತೂತು ಕೊರೆದರೂ, ಒಂದು ಬ್ರಾಕೆಟ್ ವೆಲ್ಡ್ ಮಾಡಿದರೂ, 75 ಮೀಟರ್ ಪರೀಕ್ಷೆ ಮತ್ತೆ ಮೊದಲಿನಿಂದ, ಯಾರೂ ಒಳಗಿಲ್ಲದೆ.