ದೂರದ ಎರಡು ಊರುಗಳ ನಡುವಿನ ವಿಮಾನದೂರ ಲೆಕ್ಕ ಹಾಕುವ ಬಗೆ

ಗೋಡೆಯ ಭೂಪಟಕ್ಕೆ ಸ್ಕೇಲ್ ಹಚ್ಚಿ ವಿಮಾನದೂರ ಅಳೆಯಬೇಡಿ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಪಟದಲ್ಲಿ ನೇರವಾಗಿ ಕಾಣುವ ಅಡ್ಡಗೆರೆ ಹಿಡಿದು ಹೋದರೆ ಸುಮಾರು 8,720 ಕಿ.ಮೀ. ಆಗುತ್ತದೆ, ಉತ್ತರಕ್ಕೆ, ಅಲ್ಯೂಷಿಯನ್ ದ್ವೀಪಗಳ ಕಡೆಗೆ ಬಾಗಿದಂತೆ ಕಾಣುವ ದಾರಿ ಸುಮಾರು 8,270 ಮಾತ್ರ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿದು ಹಿಡಿದರೆ ಅದು ಕೂರುವುದು ಈ ಎರಡನೇ ದಾರಿಯಲ್ಲೇ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ.

ಮೊದಲು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಟೋಕಿಯೊ 35.7, 139.7, ಸ್ಯಾನ್ ಫ್ರಾನ್ಸಿಸ್ಕೊ 37.8, −122.4. ದಕ್ಷಿಣಕ್ಕೂ ಪಶ್ಚಿಮಕ್ಕೂ ಋಣ ಚಿಹ್ನೆ. ನಂತರ:

1. ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.3577.
2. ಅವುಗಳ ಕೊಸೈನ್‌ಗಳನ್ನೂ, ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಗುಣಿಸಿ: −0.0882.
3. ಎರಡನ್ನೂ ಕೂಡಿಸಿ: 0.2695. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರ್‌ನಲ್ಲಿ cos⁻¹) 74.37 ಡಿಗ್ರಿ.
4. ಒಂದು ಡಿಗ್ರಿಗೆ 111.195 ಕಿ.ಮೀ.ನಂತೆ ಗುಣಿಸಿ: ಸುಮಾರು 8,270 ಕಿ.ಮೀ.

ಹೆಚ್ಚಿನವರು ಎಡವುವುದು ಚಿಹ್ನೆಯಲ್ಲಿ. ಮೇಲಿನ ಲೆಕ್ಕದಲ್ಲಿ 122.4ರ ಹಿಂದಿನ ಋಣ ಚಿಹ್ನೆ ಬಿಟ್ಟರೆ ಉತ್ತರ 1,557 ಕಿ.ಮೀ.ಗೆ ಇಳಿಯುತ್ತದೆ, ಪೆಸಿಫಿಕ್ ಸಾಗರವೇ ಮಾಯ! ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ಗಳು ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತವೆ. ಡಿಗ್ರಿಯನ್ನು ಹಾಗೇ ತುಂಬಿದರೆ ಏನೋ ಒಂದು ಸಂಖ್ಯೆ ಬರುತ್ತದೆ, ತಪ್ಪಾಗಿದೆ ಎಂದು ಅದು ಹೇಳುವುದಿಲ್ಲ. ಡಿಗ್ರಿಯನ್ನು 180ರಿಂದ ಭಾಗಿಸಿ ಪೈಯಿಂದ ಗುಣಿಸಿ ತುಂಬಿ, ಆಗ ಕೊನೆಯ ಉತ್ತರವೂ ರೇಡಿಯನ್‌ನಲ್ಲೇ (1.298) ಬರುವುದರಿಂದ ನೇರವಾಗಿ ಭೂಮಿಯ ಸರಾಸರಿ ತ್ರಿಜ್ಯ 6,371ರಿಂದ ಗುಣಿಸಿದರಾಯಿತು. ಇನ್ನು 35 ಡಿಗ್ರಿ 40 ನಿಮಿಷ ಎಂದರೆ 35.40 ಅಲ್ಲ, 35.67.

ಭೂಮಿ ಪೂರ್ತಿ ಗುಂಡಗಿಲ್ಲ: ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಹಾಗಾಗಿ ಈ ಸೂತ್ರ ಅರ್ಧ ಶೇಕಡಾದವರೆಗೆ ಆಚೀಚೆ ಆಗಬಹುದು. ಅದಕ್ಕಿಂತ ನಿಖರತೆ ಬೇಕಿದ್ದರೆ ಭೂಮಿಯ ಚಪ್ಪಟೆತನವನ್ನೂ ಲೆಕ್ಕಕ್ಕೆ ಹಿಡಿಯುವ 1975ರ ವಿನ್ಸೆಂಟಿ ವಿಧಾನ ಇದೆ. ಪ್ರಯಾಣದ ಅಂದಾಜಿಗೆ ಅಷ್ಟು ಪಾಡು ಬೇಡ. ಅದಕ್ಕಿಂತ ವಿಮಾನ ನಿಲ್ದಾಣದ ನಿರ್ದೇಶಾಂಕವನ್ನೇ ಬಳಸುವುದು ಮುಖ್ಯ, ಏಕೆಂದರೆ ಟೋಕಿಯೊದ ನರಿಟಾ ನಿಲ್ದಾಣ ನಡುಪೇಟೆಯಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಊರ ಹೆಸರನ್ನೂ ನೆಚ್ಚಬೇಡಿ: ಸ್ಯಾನ್ ಹೊಸೆ ಕೋಸ್ಟರಿಕಾದಲ್ಲೂ ಇದೆ, ಕ್ಯಾಲಿಫೋರ್ನಿಯಾದಲ್ಲೂ ಇದೆ. ಮೂರಕ್ಷರದ ನಿಲ್ದಾಣ ಸಂಕೇತ ನೋಡಿಕೊಳ್ಳಿ. ವಿಮಾನಯಾನದ ಪತ್ರಗಳಲ್ಲಿ ಕಾಣುವುದು ನಾಟಿಕಲ್ ಮೈಲಿ, 1.852ರಿಂದ ಗುಣಿಸಿದರೆ ಕಿ.ಮೀ.

ಹೀಗೆ ಬಂದದ್ದು ಕನಿಷ್ಠ ದೂರ. ನಿಜವಾಗಿ ಹಾರುವ ದೂರ ಇದಕ್ಕಿಂತ ಹೆಚ್ಚೇ ಇರುತ್ತದೆ, ಕೆಲವೊಮ್ಮೆ ಬಹಳ ಹೆಚ್ಚು. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಸುಮಾರು ಒಂಬತ್ತು ಗಂಟೆಯಿಂದ ಹದಿಮೂರಕ್ಕೆ ಏರಿತು. ಗಾಳಿಯದು ಇನ್ನೊಂದು ಲೆಕ್ಕ: ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗಿದ್ದರೆ ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂಬತ್ತೂವರೆ ಗಂಟೆ ಸಾಕು, ಮರಳುವಾಗ ಹನ್ನೊಂದು ಬೇಕು. ಆದ್ದರಿಂದ ದೂರವನ್ನು ವೇಗದಿಂದ ಭಾಗಿಸಿ ಸಮಯ ತೆಗೆಯುವಾಗ ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ.